ಕಲ್ಲಿನ ತೊಟ್ಟಿಯಲ್ಲಿ ಉಳಿದ ಒಂದು ಹೆಸರು



ಪ್ರಭು ಯೇಸುವಿನ ದೀಕ್ಷಾಸ್ನಾನದ ಹಬ್ಬದೊಂದಿಗೆ ಕ್ರಿಸ್ತಜಯಂತಿಯ ಕಾಲ ಮುಕ್ತಾಯಗೊಳ್ಳುತ್ತದೆ. ಗೋದಲಿಯ ಬೊಂಬೆಗಳು ಮರಳಿ ಪೆಟ್ಟಿಗೆ ಸೇರುವ ಹೊತ್ತಿಗೆ, ಬೆಳೆದು ದೊಡ್ಡವರಾದ ಯೇಸು ಜೋರ್ಡನ್ ನದಿಯ ದಂಡೆಯಲ್ಲಿ ನಮಗೆ ಕಾಣಿಸಿಕೊಳ್ಳುತ್ತಾರೆ. ಪಾಪವಿಲ್ಲದ ಅವರು ಪಾಪಿಗಳ ನಡುವೆ ನಿಂತು ಸ್ನಾನಿಕ ಯೊವಾನ್ನರಿಗೆ ತಲೆಬಾಗುತ್ತಾರೆ. ನಮ್ಮ ಹಿರಿಯರು ಜ್ಞಾನಸ್ನಾನವೆಂದು ಕರೆಯುತ್ತಿದ್ದ ಸಂಸ್ಕಾರವನ್ನು ನಾವೂ ಪಡೆದಿದ್ದೇವೆ ಎಂಬುದನ್ನು ನೆನಪಿಸುವ ಹಬ್ಬವಿದು.

ನಮ್ಮಲ್ಲಿ ಹೆಚ್ಚಿನವರು ದೀಕ್ಷಾಸ್ನಾನ ಪಡೆದದ್ದು ಕೈಗೂಸುಗಳಾಗಿದ್ದಾಗ. ನಮಗೆ ಅದರ ನೆನಪಿಲ್ಲ. ಆದರೆ ಆ ತೊಟ್ಟಿಗೆ ನೆನಪಿದೆಯೋ ಏನೋ! ಹೀಗೆ ನೆನಪು ಇಟ್ಟುಕೊಂಡ ಒಂದು ಕಲ್ಲಿನ ತೊಟ್ಟಿಯ ಕಥೆಯನ್ನು ಈ ಹಬ್ಬದ ಸಂದರ್ಭದಲ್ಲಿ ಧ್ಯಾನಿಸೋಣ. ಅದು ಇರುವುದು ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಯ ದೇವಾಲಯದಲ್ಲಿ. ಕಡೆದದ್ದು 12ನೆಯ ಶತಮಾನದಲ್ಲಿ.

ಗಡಿನಾಡಿನ ಹಳ್ಳಿ

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಸಮೀಪದಲ್ಲಿ ಕಂಬ್ರಿಯಾ ಎಂಬ ಸೀಮೆಯಿದೆ. ಅಲ್ಲಿನ ಕಾಕರ್‌ಮೌತ್ ಎಂಬ ಪೇಟೆಯನ್ನು ಇಂಗ್ಲಿಷ್ ಸಾಹಿತ್ಯ ಓದಿದವರು ಬಲ್ಲರು. ಕವಿ ವರ್ಡ್ಸ್‌ವರ್ತ್ 1770ರಲ್ಲಿ ಹುಟ್ಟಿದ್ದು ಅಲ್ಲಿಯೇ. ಆ ಪೇಟೆಯಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರು ಸಾಗಿದರೆ ಸಿಗುವ ಹಳ್ಳಿ ಬ್ರೈಡ್‌ಕರ್ಕ್.

ಈ ಊರಿನ ಹೆಸರಿನಲ್ಲೇ ಒಂದು ಚರಿತ್ರೆ ಅಡಗಿದೆ. 'ಬ್ರೈಡ್' ಎಂದರೆ ಐರ್ಲೆಂಡಿನ ಸಂತ ಬ್ರಿಜಿಡ್. ಕಿಲ್ಡೇರ್‌ನಲ್ಲಿ ಕನ್ಯಾಮಠ ಸ್ಥಾಪಿಸಿದ ಈ ಸಂತಳ ಹಬ್ಬವನ್ನು ಫೆಬ್ರವರಿ 1ರಂದು ಆಚರಿಸುತ್ತಾರೆ. 'ಕರ್ಕ್' ಎಂಬುದು ದೇವಾಲಯಕ್ಕೆ ನಾರ್ಸ್ ಜನ, ಅಂದರೆ ಸ್ಕ್ಯಾಂಡಿನೇವಿಯಾದಿಂದ ಹಡಗೇರಿ ಬಂದವರು ಬಳಸುತ್ತಿದ್ದ ಪದದಿಂದ ಬಂದದ್ದು. ಹೀಗೆ ಐರಿಷ್ ಸಂತಳೊಬ್ಬಳ ಹೆಸರಿಗೆ ಕಡಲಾಚೆಯಿಂದ ಬಂದವರ ಪದ ಸೇರಿಕೊಂಡು ಊರಿನ ಹೆಸರಾಯಿತು.

10ನೆಯ ಶತಮಾನದಲ್ಲಿ ನಾರ್ಸ್ ಜನ ಐರ್ಲೆಂಡ್ ಮತ್ತು ಮ್ಯಾನ್ ದ್ವೀಪದ ಕಡೆಯಿಂದ ಬಂದು ಈ ಸೀಮೆಯಲ್ಲಿ ನೆಲೆಸಿದರು. ಅವರ ನೆರೆಯಲ್ಲಿ ಇಂಗ್ಲಿಷ್ ಮಾತನಾಡುವ ರೈತರಿದ್ದರು. ಅವರಿಗಿಂತ ಹಿಂದಿನಿಂದಲೂ ಅಲ್ಲೇ ಇದ್ದ ಬ್ರಿಟನ್ ಜನರಿದ್ದರು. 1092ರಲ್ಲಿ ನಾರ್ಮನ್ ದೊರೆ ಎರಡನೆಯ ವಿಲಿಯಂ ಕಾರ್ಲೈಲ್ ಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಫ್ರೆಂಚ್ ಮಾತನಾಡುವ ಒಡೆಯರು ಬಂದರು. 1133ರಲ್ಲಿ ಕಾರ್ಲೈಲ್ ಒಂದು ಧರ್ಮಪ್ರಾಂತ್ಯವಾಯಿತು. ಮೂರೇ ವರ್ಷಗಳಲ್ಲಿ ಈ ಸೀಮೆ ಸ್ಕಾಟ್ಲೆಂಡಿನ ದೊರೆ ಡೇವಿಡನ ಪಾಲಾಯಿತು. 1157ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ ಅದನ್ನು ಹಿಂದಕ್ಕೆ ಪಡೆದ. ಒಬ್ಬ ಮನುಷ್ಯನ ಆಯುಷ್ಯದೊಳಗೆ ಧ್ವಜ ಮತ್ತೆ ಮತ್ತೆ ಬದಲಾಯಿತು. ಇಂಥ ಕಾಲದಲ್ಲಿ ಈ ಊರಿನವರು ತಮ್ಮ ಮಕ್ಕಳ ದೀಕ್ಷಾಸ್ನಾನಕ್ಕೆಂದು ಒಂದು ಕಲ್ಲಿನ ತೊಟ್ಟಿ ಪಡೆದುಕೊಂಡರು.

ನಾಲ್ಕು ಮುಖಗಳ ಶುಭಸಂದೇಶ

ಬ್ರೈಡ್‌ಕರ್ಕ್‌ನ ತೊಟ್ಟಿ ಚೌಕಾಕಾರದ್ದು. ನಾಲ್ಕು ಮುಖಗಳಲ್ಲೂ ಉಬ್ಬುಶಿಲ್ಪವಿದೆ. ಮಧ್ಯಯುಗದಲ್ಲಿ ಶಿಶುಗಳನ್ನು ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಿದ್ದರು. ಅದಕ್ಕೆಂದೇ ಆ ಕಾಲದ ತೊಟ್ಟಿಗಳು ಇಂದಿನ ಬಟ್ಟಲುಗಳಿಗಿಂತ ಬಹಳ ದೊಡ್ಡವು. ಓದುಬರಹ ಬಾರದ ಜನರೇ ಹೆಚ್ಚಿದ್ದ ಕಾಲದಲ್ಲಿ ತೊಟ್ಟಿಯ ಸುತ್ತಲಿನ ಶಿಲ್ಪವೇ ಧರ್ಮೋಪದೇಶದ ಪುಸ್ತಕ.

ಒಂದು ಮುಖದಲ್ಲಿ ಏದೆನ್ ತೋಟದಿಂದ ಆದಾಮ ಮತ್ತು ಏವೆಯರನ್ನು ಹೊರದೂಡುವ ದೃಶ್ಯವಿದೆ. ಏವೆ ಹೊರಡಲು ಮನಸ್ಸಿಲ್ಲದವಳಂತೆ ಮರವನ್ನು ತಬ್ಬಿ ಹಿಡಿದಿದ್ದಾಳೆ. ಮತ್ತೊಂದು ಮುಖದಲ್ಲಿ ಪ್ರಭುವಿನ ದೀಕ್ಷಾಸ್ನಾನ. ಸ್ನಾನಿಕ ಯೊವಾನ್ನರು ಯೇಸುವಿನ ಮೇಲೆ ಕೈಯಿಟ್ಟಿದ್ದಾರೆ, ಮೇಲೆ ಪವಿತ್ರಾತ್ಮರ ಪಾರಿವಾಳವಿದೆ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಯೇಸು ನಿಂತಿರುವುದು ಹರಿಯುವ ನದಿಯಲ್ಲಲ್ಲ, ಒಂದು ತೊಟ್ಟಿಯಲ್ಲಿ! ಶಿಲ್ಪಿಗೆ ಜೋರ್ಡನ್ ನದಿಯ ಸಂಗತಿ ತಿಳಿಯದೆ ಹೀಗೆ ಮಾಡಿದನೇ? ಅಲ್ಲ. ಊರಿನ ಮಗು ಇಳಿಯುವ ನೀರಿಗೇ ಪ್ರಭುವೂ ಇಳಿದಿದ್ದಾರೆ ಎಂದು ತಾಯಂದಿರಿಗೆ ಇದಕ್ಕಿಂತ ಸರಳವಾಗಿ ಹೇಳಲು ಸಾಧ್ಯವಿರಲಿಲ್ಲ.

ಮೂರನೆಯ ಮುಖದಲ್ಲಿ ಕಥೆಗಳಲ್ಲಿ ಬರುವಂಥ ವಿಚಿತ್ರ ಮೃಗಗಳಿವೆ. ತೋಟದಿಂದ ಹೊರಬಿದ್ದ ಮನುಷ್ಯ ಬದುಕಬೇಕಾದ ಲೋಕ ಇಂಥದ್ದು ಎಂದು ನಾವು ಅದನ್ನು ಓದಿಕೊಳ್ಳಬಹುದು. ಒಂದೆಡೆ ಕಳೆದುಕೊಂಡ ತೋಟ, ಮತ್ತೊಂದೆಡೆ ತೆರೆದ ಆಕಾಶ. ನಡುವೆ ಇರುವುದು ತೊಟ್ಟಿಯ ನೀರು. ನಮ್ಮ ರಕ್ಷಣೆಯ ಚರಿತ್ರೆಯನ್ನು ಒಂದೇ ಕಲ್ಲಿನಲ್ಲಿ ಹೀಗೆ ಅಡಕ ಮಾಡಿದ್ದಾರೆ.

ಆ ಶತಮಾನದ ಇಂಗ್ಲೆಂಡಿನಲ್ಲಿ ಇಂಥ ತೊಟ್ಟಿಗಳು ಇನ್ನೂ ಇದ್ದವು. ದಕ್ಷಿಣದ ಹೆರಿಫರ್ಡ್ ಸೀಮೆಯ ಕಾಸಲ್ ಫ್ರೋಮ್ ಹಳ್ಳಿಯ ತೊಟ್ಟಿ ಬಾಗಿ ಕುಳಿತ ಮನುಷ್ಯಾಕೃತಿಗಳ ಮೇಲೆ ನಿಂತಿದೆ. ಅಲ್ಲಿ ಯೇಸುವಿನ ಸುತ್ತ ನೀರು ಸುತ್ತುಸುತ್ತಾದ ಗೆರೆಗಳಾಗಿದೆ, ಅದರಲ್ಲಿ ಮೀನುಗಳು ಈಜುತ್ತಿವೆ. ಅದೇ ಸೀಮೆಯ ಎರ್ಡಿಸ್ಲಿ ಹಳ್ಳಿಯ ತೊಟ್ಟಿಯಲ್ಲಿ ಕ್ರಿಸ್ತರು ಪಾತಾಳಕ್ಕಿಳಿದು ಬಂಧನದಲ್ಲಿದ್ದವನನ್ನು ಎಳೆದು ತರುತ್ತಿದ್ದಾರೆ. ಇವೆಲ್ಲವೂ ಸುಂದರವಾದವೇ. ಆದರೆ ಬ್ರೈಡ್‌ಕರ್ಕ್‌ನ ನಾಲ್ಕನೆಯ ಮುಖದಲ್ಲಿರುವುದು ಅವುಗಳಲ್ಲಿಲ್ಲ.

ಪಂಡಿತರು ಓದಿದ್ದು, ಕಲ್ಲು ಹೇಳಿದ್ದು

ಆ ನಾಲ್ಕನೆಯ ಮುಖದಲ್ಲಿ ಬಳ್ಳಿಯ ಸುರುಳಿಗಳಿವೆ. ಅವುಗಳ ನಡುವೆ ಒಂದು ಪಟ್ಟಿಯ ಮೇಲೆ ಬರಹವಿದೆ. ಅದು ಲ್ಯಾಟಿನ್ ಲಿಪಿಯಲ್ಲ, ರೂನ್ ಲಿಪಿ. ನೇರ ಗೀರುಗಳಿಂದ ಕೂಡಿದ, ಮರ ಮತ್ತು ಕಲ್ಲಿನಲ್ಲಿ ಕೊರೆಯಲು ಅನುಕೂಲವಾದ ಉತ್ತರ ಯುರೋಪಿನ ಪ್ರಾಚೀನ ಲಿಪಿಯದು. 12ನೆಯ ಶತಮಾನದಲ್ಲಿ ದೇವಾಲಯದ ಬರಹವೆಂದರೆ ಲ್ಯಾಟಿನ್ ಎಂಬುದೇ ರೂಢಿ. ಹಾಗಿರುವಾಗ ಈ ಗೀರುಗಳು ಏನು ಹೇಳುತ್ತವೆ?

ಇಂಗ್ಲೆಂಡಿನ ಹೆಸರಾಂತ ಇತಿಹಾಸಕಾರ ವಿಲಿಯಂ ಕ್ಯಾಮ್‌ಡೆನ್ ತಮ್ಮ 'ಬ್ರಿಟಾನಿಯಾ' ಗ್ರಂಥದಲ್ಲಿ ಈ ತೊಟ್ಟಿಯನ್ನು ಪ್ರಸ್ತಾಪಿಸಿದರು. ಹಸಿರು ಛಾಯೆಯ ಕಲ್ಲಿನ ಪಾತ್ರೆ, ಅದರ ಮೇಲೆ ಪುಟ್ಟ ಪುಟ್ಟ ವಿಗ್ರಹಗಳು ಎಂದು ಅದನ್ನು ವರ್ಣಿಸಿದರು. ಬರಹದ ಅರ್ಥ ಮಾತ್ರ ಅವರಿಗೆ ದಕ್ಕಲಿಲ್ಲ. ತಿಳಿದವರು ಹೇಳಲಿ ಎಂದು ಅದನ್ನು ಅಲ್ಲಿಗೇ ಬಿಟ್ಟರು.

ತಿಳಿದವರೊಬ್ಬರು ಮುಂದೆ ಬಂದರು. ವಿಲಿಯಂ ನಿಕಲ್ಸನ್ ಎಂಬ ಆಂಗ್ಲಿಕನ್ ಸಭೆಯ ವಿದ್ವಾಂಸರು, ಮುಂದೆ 1702ರಲ್ಲಿ ಕಾರ್ಲೈಲಿನ ಧರ್ಮಾಧ್ಯಕ್ಷರಾದವರು, ಈ ತೊಟ್ಟಿಯ ಕುರಿತು 1685ರಲ್ಲಿ ಸರ್ ವಿಲಿಯಂ ಡಗ್‌ಡೇಲ್ ಅವರಿಗೆ ಕಾಗದ ಬರೆದರು. ಎಕಾರ್ಡ್ ಎಂಬ ಗಣ್ಯನೊಬ್ಬ ಇಲ್ಲಿ ಕ್ರೈಸ್ತನಾದ, ಅವನ ಮಾದರಿಯಿಂದ ಡೇನ್ ಜನರೂ ವಿಶ್ವಾಸಕ್ಕೆ ಬಂದರು ಎಂಬ ಅರ್ಥವನ್ನು ಅವರು ಆ ಗೀರುಗಳಲ್ಲಿ ಕಂಡರು. ಎಂಥ ಭವ್ಯವಾದ ಕಥೆ! ಒಂದು ಜನಾಂಗವೇ ಈ ನೀರಿನಲ್ಲಿ ಮಿಂದಿತು ಎಂದಾದರೆ ಈ ಪುಟ್ಟ ಹಳ್ಳಿಗೆ ಎಷ್ಟು ದೊಡ್ಡ ಗೌರವ!

ಆದರೆ ಕಲ್ಲು ಹಾಗೆ ಹೇಳಿರಲಿಲ್ಲ. 19ನೆಯ ಶತಮಾನದಲ್ಲಿ ರೂನ್ ಲಿಪಿಯ ಅಧ್ಯಯನ ಮುಂದುವರಿದಂತೆ ಸರಿಯಾದ ಓದು ಸಿಕ್ಕಿತು. ಭಾಷೆ ಅಂದಿನ ಇಂಗ್ಲಿಷ್. ಲಿಪಿ ಸ್ಕ್ಯಾಂಡಿನೇವಿಯಾದ ರೂನ್, ನಡುನಡುವೆ ಪುಸ್ತಕದ ಬರವಣಿಗೆಯಿಂದ ತೆಗೆದುಕೊಂಡ ಕೆಲವು ಅಕ್ಷರಗಳು. ಪ್ರಾಸವಿರುವ ಎರಡೇ ಸಾಲು. ಅದರಲ್ಲಿ ತೊಟ್ಟಿಯೇ ಮಾತನಾಡುತ್ತದೆ. ತನ್ನನ್ನು ಮಾಡಿದವನು ರಿಚರ್ಡ್ ಎಂದೂ, ಇಂಥ ಚೆಲುವಿಗೆ ತನ್ನನ್ನು ಶ್ರದ್ಧೆಯಿಂದ ತಂದವನು ಅವನೇ ಎಂದೂ ಅದು ಹೇಳುತ್ತದೆ. ಅಷ್ಟೇ.

ಪಂಡಿತರು ಒಂದು ಜನಾಂಗದ ಮತಾಂತರವನ್ನು ಹುಡುಕಿದ ಜಾಗದಲ್ಲಿ ಇದ್ದದ್ದು ಒಬ್ಬ ಕಲ್ಲುಕುಟಿಗನ ಹೆಸರು. ಬರಹದ ಸಮೀಪದಲ್ಲೇ, ಬಳ್ಳಿಯ ನಡುವೆ, ಆತನೂ ಇದ್ದಾನೆ. ಕೈಯಲ್ಲಿ ಸುತ್ತಿಗೆ ಮತ್ತು ಉಳಿ ಹಿಡಿದು ಕೆಲಸದಲ್ಲಿ ತೊಡಗಿರುವ ಪುಟ್ಟ ಆಕೃತಿ. ಅದೇ ಕಾಲದಲ್ಲಿ ಡರ್ಹಮ್‌ನಲ್ಲಿದ್ದ ರಿಚರ್ಡ್ ಎಂಬ ನಿರ್ಮಾಣಗಾರನೇ ಇವನು ಎಂದು ಕೆಲವರು ವಾದಿಸಿದ್ದುಂಟು. ಕಲ್ಲು ಮಾತ್ರ ಅವನ ಊರು, ಕುಲ, ಪದವಿ ಯಾವುದನ್ನೂ ಹೇಳುವುದಿಲ್ಲ. ಹೆಸರು ಮತ್ತು ಕೆಲಸ, ಇವೆರಡನ್ನೇ ಹೇಳುತ್ತದೆ.

ಹೆಸರು ಕೊಚ್ಚಿಕೊಂಡನೇ?

ಇಲ್ಲಿ ನಮ್ಮಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷೆ ಕೊಡುವ ತೊಟ್ಟಿಯ ಮೇಲೆ ಒಬ್ಬ ಕೂಲಿಯವನ ಹೆಸರೇಕೆ? ಇದು ಅಹಂಕಾರವಲ್ಲವೇ? ಕೊರಿಂಥದವರು ತಮಗೆ ದೀಕ್ಷಾಸ್ನಾನ ಕೊಟ್ಟವರ ಹೆಸರು ಹಿಡಿದು ಪಂಗಡ ಕಟ್ಟಿಕೊಂಡಾಗ ಸಂತ ಪೌಲರು ಅವರನ್ನು ಕಟುವಾಗಿ ಎಚ್ಚರಿಸಿದರು. ಯಾರು ನೀರು ಹೊಯ್ದರೂ ನಿಜವಾಗಿ ದೀಕ್ಷಾಸ್ನಾನ ಕೊಡುವವರು ಕ್ರಿಸ್ತರೇ ಎಂದು ಸಂತ ಅಗಸ್ಟೀನರು ಬೋಧಿಸಿದರು. ಹಾಗಿದ್ದ ಮೇಲೆ ತೊಟ್ಟಿಯ ಮೇಲೆ ಮನುಷ್ಯನ ಹೆಸರಿಗೆ ಏನು ಕೆಲಸ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ರಿಚರ್ಡ್ ತನ್ನನ್ನು ಹೇಗೆ ತೋರಿಸಿಕೊಂಡಿದ್ದಾನೆ ನೋಡಿ. ದಾನಿಯಂತೆ ದೇವಾಲಯವನ್ನು ಕೈಯಲ್ಲಿ ಹಿಡಿದು ನಿಂತಿಲ್ಲ. ಪ್ರಭುವಿನ ದೃಶ್ಯದೊಳಕ್ಕೆ ನುಗ್ಗಿಲ್ಲ. ತನ್ನ ಕೆಲಸ ತಾನು ಮಾಡುತ್ತಿದ್ದಾನೆ. ಈ ನೀರಿನಲ್ಲಿ ಮಿಂದವರು ತನ್ನವರು ಎನ್ನುವುದಿಲ್ಲ. ನೀರು ದೇವರದು, ವಾಕ್ಯ ದೇವರದು. ಅವನದು ಆ ನೀರು ನಿಲ್ಲುವ ಕಲ್ಲು ಮಾತ್ರ.

ಮತ್ತೊಂದು ಮಾತು. ದೀಕ್ಷಾಸ್ನಾನದ ತೊಟ್ಟಿ ಎಂದರೆ ಹೆಸರು ಹೇಳುವ ಜಾಗ. ಮಗುವನ್ನು ತಂದಾಗ ಗುರುಗಳು ಕೇಳುವ ಮೊದಲ ಪ್ರಶ್ನೆ ಮಗುವಿನ ಹೆಸರೇನು ಎಂಬುದೇ. ಮಧ್ಯಯುಗದಲ್ಲೂ ಮಗುವನ್ನು ಹೆಸರಿಡಿದು ಕರೆದೇ ಮೂರು ಬಾರಿ ನೀರಿನಲ್ಲಿ ಮುಳುಗಿಸುತ್ತಿದ್ದರು. ಬ್ರೈಡ್‌ಕರ್ಕ್‌ನಲ್ಲಿ ಹೀಗೆ ಕರೆದ ಹೆಸರುಗಳೆಷ್ಟು! ರೈತರ ಮಕ್ಕಳು, ಕುರಿಗಾಹಿಗಳ ಮಕ್ಕಳು, ಆಳುಗಳ ಮಕ್ಕಳು. ಆ ಹೆಸರುಗಳು ಎಲ್ಲಿ ಹೋದವು?

ಎಲ್ಲಿಯೂ ಬರೆದಿಟ್ಟಿರಲಿಲ್ಲ. ಇಂಗ್ಲೆಂಡಿನ ಧರ್ಮಕೇಂದ್ರಗಳಲ್ಲಿ ದೀಕ್ಷಾಸ್ನಾನ, ವಿವಾಹ ಮತ್ತು ಮರಣಗಳನ್ನು ದಾಖಲಿಸಬೇಕೆಂದು ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಅಪ್ಪಣೆ ಹೊರಡಿಸಿದ್ದು 1538ರಲ್ಲಿ. ನಮ್ಮ ಕಥೋಲಿಕ ಧರ್ಮಸಭೆಯಲ್ಲಿ ಜ್ಞಾನತಂದೆ, ಜ್ಞಾನತಾಯಿಯರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ತ್ರೆಂತ್ ಮಹಾಸಭೆ ವಿಧಿಸಿದ್ದು 1563ರಲ್ಲಿ. ಅಂದರೆ ಈ ತೊಟ್ಟಿಯನ್ನು ಕಡೆದ ಮೇಲೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಇಲ್ಲಿ ಹೆಸರು ಪಡೆದವರಿಗೆ ಯಾವ ದಾಖಲೆಯೂ ಇರಲಿಲ್ಲ. ಗುರುಗಳ ಬಾಯಿಂದ ಹೊರಟ ಹೆಸರು ದೇವರ ಕಿವಿ ಸೇರಿತು, ಕಾಗದ ಸೇರಲಿಲ್ಲ.

ಆ ಎಲ್ಲ ಹೆಸರುಗಳ ನಡುವೆ ಕಲ್ಲಿನಲ್ಲಿ ಉಳಿದದ್ದು ಒಂದೇ. ಆ ಒಂದನ್ನು ಓದುವಾಗ ಉಳಿಯದ ನೂರಾರು ಹೆಸರುಗಳು ನಮ್ಮ ನೆನಪಿಗೆ ಬರಬೇಕು. ಪ್ರವಾದಿ ಯೆಶಾಯನ ಮೂಲಕ ದೇವರು ತಮ್ಮ ಜನರನ್ನು ಹೆಸರು ಹಿಡಿದು ಕರೆದಿರುವುದಾಗಿ ತಿಳಿಸುತ್ತಾರೆ. ತಮ್ಮ ಹೆಸರು ಸ್ವರ್ಗದಲ್ಲಿ ಬರೆದಿರುವುದಕ್ಕಾಗಿ ಆನಂದಿಸಬೇಕೆಂದು ಯೇಸು ಶಿಷ್ಯರಿಗೆ ಹೇಳುತ್ತಾರೆ. ದೊರೆಗಳ ಚರಿತ್ರೆಯಲ್ಲಿ ಜಾಗ ಸಿಗದವರ ಹೆಸರಿಗೆ ದೇವರ ಬಳಿ ಜಾಗವಿದೆ. ಈ ವಿಶ್ವಾಸಕ್ಕೆ ರಿಚರ್ಡನ ಹೆಸರು ಒಂದು ಗುರುತು.

ಅವನು ಬಳಸಿದ ಭಾಷೆಯನ್ನೂ ನಾವು ಮರೆಯಬಾರದು. ಗುರುಗಳ ಪ್ರಾರ್ಥನೆ ಲ್ಯಾಟಿನ್‌ನಲ್ಲಿತ್ತು, ಒಡೆಯರ ಮಾತು ಫ್ರೆಂಚ್ ಆಗಿತ್ತು. ರಿಚರ್ಡ್ ಮಾತ್ರ ಊರವರ ಮಾತಿನಲ್ಲಿ, ಅವರ ಹಿರಿಯರು ಕಡಲಾಚೆಯಿಂದ ತಂದ ಲಿಪಿಯಲ್ಲಿ ಬರೆದ. ಸೀಮೆಗಾಗಿ ದೊರೆಗಳು ಬಡಿದಾಡುತ್ತಿದ್ದ ಕಾಲದಲ್ಲಿ, ಇಂಗ್ಲಿಷಿನವರ ಮಾತು ಮತ್ತು ನಾರ್ಸ್ ಜನರ ಅಕ್ಷರ ಐರಿಷ್ ಸಂತಳ ದೇವಾಲಯದ ಒಂದೇ ತೊಟ್ಟಿಯ ಮೇಲೆ ಜೊತೆಯಾದವು. ದೀಕ್ಷಾಸ್ನಾನ ಪಡೆದವರಲ್ಲಿ ಯೆಹೂದ್ಯನೆಂದೂ ಗ್ರೀಕನೆಂದೂ ಭೇದವಿಲ್ಲವೆಂದು ಪೌಲರು ಬರೆದದ್ದು ಇಲ್ಲಿ ಕಲ್ಲಿನಲ್ಲಿ ಕಾಣುತ್ತದೆ.

ಬಿರುಗಾಳಿ ದಾಟಿದ ತೊಟ್ಟಿ

ಇಂಥ ತೊಟ್ಟಿಗಳು ಉಳಿದು ಬಂದದ್ದು ಸುಲಭದ ಮಾತಲ್ಲ. ಮಂತ್ರಿಸಿದ ನೀರನ್ನು ಆಗ ತೊಟ್ಟಿಯಲ್ಲೇ ಇಟ್ಟಿರುತ್ತಿದ್ದರು. ಮಾಟಮಂತ್ರಕ್ಕೆಂದು ಅದನ್ನು ಕದಿಯುವವರಿದ್ದರು. ಆದ್ದರಿಂದ ತೊಟ್ಟಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕೆಂದು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಸಂತ ಎಡ್ಮಂಡರು 1236ರಲ್ಲಿ ಆಜ್ಞಾಪಿಸಿದರು. ಇಂಗ್ಲೆಂಡಿನ ಅನೇಕ ಹಳೆಯ ತೊಟ್ಟಿಗಳ ಅಂಚಿನಲ್ಲಿ ಆ ಬೀಗದ ಕಬ್ಬಿಣ ಕೂರಿಸಿದ ಗಾಯ ಇಂದಿಗೂ ಕಾಣುತ್ತದೆ.

16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಭೆ ರೋಮಿನಿಂದ ಬೇರೆಯಾಯಿತು. ಮಠಗಳು ಮುಚ್ಚಿದವು, ಪೀಠಗಳು ಮುರಿದವು, ಸಂತರ ಪ್ರತಿಮೆಗಳು ಉರುಳಿದವು. ಆದರೂ ಬೇರೆಯಾದವರಿಗೂ ದೀಕ್ಷಾಸ್ನಾನ ಬೇಕಿತ್ತು. ಹೀಗಾಗಿ ಎಷ್ಟೋ ಊರುಗಳಲ್ಲಿ ತೊಟ್ಟಿ ಉಳಿಯಿತು. ಮುಂದಿನ ಶತಮಾನದ ಅಂತರ್ಯುದ್ಧದ ಕಾಲದಲ್ಲಿ ಮತ್ತೊಂದು ಪೆಟ್ಟು ಬಿತ್ತು. ಹಳೆಯ ತೊಟ್ಟಿಗಳಿದ್ದ ಜಾಗದಲ್ಲಿ ದೀಕ್ಷಾಸ್ನಾನ ಕೊಡಕೂಡದೆಂದು 1645ರಲ್ಲಿ ಪಾರ್ಲಿಮೆಂಟು ಜಾರಿಗೆ ತಂದ ಆರಾಧನಾ ಕ್ರಮ ಹೇಳಿತು. ಎಷ್ಟೋ ಕಡೆ ಕಲ್ಲಿನ ತೊಟ್ಟಿಗಳ ಜಾಗಕ್ಕೆ ಬೋಗುಣಿಗಳು ಬಂದವು. ಕೆಲವು ತೊಟ್ಟಿಗಳು ಅಂಗಳ ಸೇರಿ ದನಗಳಿಗೆ ನೀರುಣಿಸುವ ಬಾನಿಗಳಾದವು. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ತೊಟ್ಟಿಗಳಿಗೆ ಮತ್ತೆ ಗೌರವ ಬಂತು.

ಬ್ರೈಡ್‌ಕರ್ಕ್‌ನ ತೊಟ್ಟಿ ಇದೆಲ್ಲವನ್ನೂ ದಾಟಿತು. ಕೊನೆಗೆ ಅದರ ದೇವಾಲಯವೇ ಉಳಿಯಲಿಲ್ಲ. 1868ರಿಂದ 1870ರ ನಡುವೆ ಹಳೆಯ ದೇವಾಲಯದ ಬದಲಿಗೆ ಹೊಸದನ್ನು ಕಟ್ಟಿದರು. ಹಳೆಯ ಗರ್ಭಾಂಗಣದ ಮುರುಕು ಗೋಡೆ ಸ್ಮಶಾನದ ಅಂಗಳದಲ್ಲಿ ನಿಂತಿದೆ. ಹಳೆಯ ದೇವಾಲಯದ ಬಾಗಿಲುವಾಡಗಳನ್ನು ಹೊಸದಕ್ಕೆ ಕೂರಿಸಿದರು. ತೊಟ್ಟಿಯನ್ನು ಒಳಗೆ ತಂದಿಟ್ಟರು. ಗೋಡೆ, ಮಾಡು, ಪೀಠ ಎಲ್ಲವೂ ಹೊಸದಾದವು. ಹೆಸರು ಕರೆಯುವ ಜಾಗ ಮಾತ್ರ ಹಳೆಯದೇ ಉಳಿಯಿತು.

ಇಂದು ಅದು ಆಂಗ್ಲಿಕನ್ ಸಭೆಯ ದೇವಾಲಯ. ಕಥೋಲಿಕರಾದ ನಮಗೆ ಅದರಲ್ಲಿ ಏನು ಪಾಲು ಎಂದು ಕೇಳಬಹುದು. 1964ರ ನವೆಂಬರ್ 21ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಕ್ರೈಸ್ತ ಐಕ್ಯತೆಯ ಆಜ್ಞಾಪತ್ರ ಇದಕ್ಕೆ ಉತ್ತರ ಕೊಡುತ್ತದೆ. ದೀಕ್ಷಾಸ್ನಾನದಿಂದ ಮರುಹುಟ್ಟು ಪಡೆದ ಎಲ್ಲರ ನಡುವೆ ಅದು ಐಕ್ಯತೆಯ ಸಂಸ್ಕಾರಬದ್ಧ ಬಂಧವೆಂದು ಆ ಪತ್ರ ಬೋಧಿಸುತ್ತದೆ. ನೀರಿನಿಂದ, ತ್ರಿತ್ವದ ಹೆಸರಿನಲ್ಲಿ, ಸರಿಯಾದ ಸಂಕಲ್ಪದಿಂದ ಪಡೆದ ದೀಕ್ಷಾಸ್ನಾನವನ್ನು ಮತ್ತೆ ಕೊಡುವುದಿಲ್ಲ. ಪರಮಪ್ರಸಾದದ ಪೀಠದ ಮುಂದೆ ನಾವು ಇನ್ನೂ ಒಂದಾಗಿಲ್ಲ, ಅದು ನೋವಿನ ಸಂಗತಿ. ಆದರೆ ತೊಟ್ಟಿಯ ಬಳಿ ನಾವು ಒಡಹುಟ್ಟಿದವರು. ರೋಮಿನೊಂದಿಗೆ ಒಂದಾಗಿದ್ದ ಕಾಲದ ಮಕ್ಕಳೂ, ಬೇರೆಯಾದ ಮೇಲಿನ ಮಕ್ಕಳೂ ಹೆಸರು ಪಡೆದ ಒಂದೇ ಕಲ್ಲು ಅದಕ್ಕೆ ಸಾಕ್ಷಿಯಾಗಿ ನಿಂತಿದೆ.

ನಮ್ಮ ಪಾಲಿಗೆ

ಪ್ರಿಯರೇ, ಧರ್ಮಸಭೆಯ ಚರಿತ್ರೆ ಎಂದಾಗ ನಾವು ಸಾಮಾನ್ಯವಾಗಿ ಜಗದ್ಗುರುಗಳನ್ನು, ದೊರೆಗಳನ್ನು, ಮಹಾಸಭೆಗಳನ್ನು ನೆನೆಯುತ್ತೇವೆ. ಅದು ಸರಿಯೇ. ಆದರೆ ನಿಕಲ್ಸನ್ ಅವರಂಥ ಬಹುಶ್ರುತರೂ ದೊಡ್ಡ ಘಟನೆಯನ್ನು ಹುಡುಕುವ ಭರದಲ್ಲಿ ಸಣ್ಣ ಹೆಸರನ್ನು ಕಾಣದೆ ಹೋದರು. ನಾವೂ ದಿನವೂ ಹಾಗೆಯೇ ಮಾಡುತ್ತಿಲ್ಲವೇ? ಪೀಠದ ಹೂವು ಜೋಡಿಸುವ ಕೈ, ನೆಲ ಗುಡಿಸುವ ಕೈ, ಗಂಟೆ ಬಾರಿಸುವ ಕೈ, ತೊಟ್ಟಿಗೆ ನೀರು ತುಂಬಿಸುವ ಕೈ, ಇವುಗಳ ಹೆಸರು ನಮಗೆ ಗೊತ್ತಿದೆಯೇ? ಹಬ್ಬದ ದಿನ ದಾನಿಗಳ ಪಟ್ಟಿ ಓದುವಾಗ ಕೆಲಸದವರ ಹೆಸರನ್ನೂ ಒಮ್ಮೆ ಓದಬಾರದೇಕೆ?

ನಮ್ಮ ದೀಕ್ಷಾಸ್ನಾನದ ದಿನಾಂಕ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಬ್ರೈಡ್‌ಕರ್ಕ್‌ನ ಆ ಹಳೆಯ ಮಕ್ಕಳಿಗಿಲ್ಲದ ಭಾಗ್ಯ ನಮಗಿದೆ. ನಮ್ಮ ಹೆಸರು, ತಂದೆತಾಯಿಯರ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು ಧರ್ಮಕೇಂದ್ರದ ಪುಸ್ತಕದಲ್ಲಿವೆ. ಶಾಲೆಗೋ ಮದುವೆಗೋ ಪ್ರಮಾಣಪತ್ರ ಬೇಕಾದಾಗ ಮಾತ್ರ ನಾವು ಅದನ್ನು ನೆನೆಯುತ್ತೇವೆ. ಈ ಹಬ್ಬದ ವಾರದಲ್ಲಿ ಆ ದಿನಾಂಕವನ್ನು ಕೇಳಿ ತಿಳಿದುಕೊಂಡು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳೋಣ. ಹುಟ್ಟುಹಬ್ಬದಂತೆ ಅದನ್ನೂ ಮಕ್ಕಳಿಗೆ ನೆನಪಿಸೋಣ. ಜ್ಞಾನತಂದೆ ಜ್ಞಾನತಾಯಿಯರು ಬದುಕಿದ್ದರೆ ಅವರನ್ನು ಕಂಡು ಆಶೀರ್ವಾದ ಪಡೆಯೋಣ, ಅಗಲಿದ್ದರೆ ಅವರಿಗಾಗಿ ಪ್ರಾರ್ಥಿಸೋಣ.

ಸುತ್ತಿಗೆ ಉಳಿ ಹಿಡಿದ ರಿಚರ್ಡ್ ತನಗೆ ತಿಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡಿ ಒಂದು ಕಲ್ಲನ್ನು ಚೆಲುವಿಗೆ ತಂದ. ನಮ್ಮನ್ನೂ ಒಬ್ಬರು ಹಾಗೆಯೇ ಕಡೆಯುತ್ತಿದ್ದಾರೆ. ದೀಕ್ಷಾಸ್ನಾನದಂದು ಆರಂಭವಾದ ಆ ಕೆಲಸ ಇನ್ನೂ ಮುಗಿದಿಲ್ಲ. ಉಳಿಯ ಪೆಟ್ಟು ನೋವು ಕೊಟ್ಟಾಗಲೂ, ನಮ್ಮನ್ನು ಹೆಸರು ಹಿಡಿದು ಕರೆದವರು ಆ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ ಎಂಬ ಭರವಸೆಯಿಂದ ಹೊಸ ವರ್ಷದ ದಾರಿಯಲ್ಲಿ ಹೆಜ್ಜೆ ಹಾಕೋಣ. ಜೋರ್ಡನ್ ನದಿಯಲ್ಲಿ ತೆರೆದ ಆಕಾಶ ನಮ್ಮೆಲ್ಲರ ಮನೆಗಳ ಮೇಲೂ ತೆರೆದಿರಲಿ. ಆಮೆನ್.